ಸದನದ ಅಡ್ಡಮಾತು: ಹಕ್ಕು ಎಲ್ಲಿಯವರೆಗೆ?

ಪ್ರಶ್ನೆ: ಮಾನ್ಯರೇ, ಶಾಸನಸಭೆಗಳ ನೇರಪ್ರಸಾರದಲ್ಲಿ ಒಬ್ಬರು ಮಾತಾಡುತ್ತಿರುವಾಗ ಹಲವರು ಕೂಗುವುದು ಕಾಣುತ್ತದೆ. ಮಾತಿನ ನಡುವೆ ಬಾಯಿ ಹಾಕುವುದು ಜನಪ್ರತಿನಿಧಿಯ ಹಕ್ಕೇ? ಅದನ್ನು ಪೂರ್ತಿಯಾಗಿ ನಿಷೇಧಿಸಬಾರದೇಕೆ?

ಉತ್ತರ: ಪೂರ್ತಿ ನಿಷೇಧವನ್ನು ನಾನು ಒಪ್ಪುವುದಿಲ್ಲ. ಸಚಿವರೊಬ್ಬರು ತಪ್ಪು ಅಂಕಿಅಂಶ ಹೇಳಿದಾಗ ಎದುರಿನ ಸಾಲಿನಿಂದ ‘ಆ ವರದಿಯಲ್ಲಿ ಹಾಗಿಲ್ಲ’ ಎಂಬ ಒಂದು ಮಾತು ಬಂದರೆ ಚರ್ಚೆ ಹರಿತಗೊಳ್ಳುತ್ತದೆ. ಸಚಿವರು ಬರೆದು ತಂದ ಹಾಳೆಯಿಂದ ತಲೆಯೆತ್ತಿ ಅಲ್ಲಿಯೇ ಉತ್ತರಿಸಬೇಕಾಗುತ್ತದೆ. ಜರ್ಮನಿಯ ಸಂಸತ್ತಾದ ಬುಂಡೆಸ್ಟಾಗ್‌ನಲ್ಲಿ ಶೀಘ್ರಲಿಪಿಕಾರರು ಇಂಥ ಅಡ್ಡಮಾತುಗಳನ್ನು, ಆಡಿದವರ ಹೆಸರು ಮತ್ತು ಪಕ್ಷದ ಸಮೇತ, ನಡವಳಿಯಲ್ಲಿ ದಾಖಲಿಸುತ್ತಾರೆ. ಇದು ಬಹಳ ಒಳ್ಳೆಯ ಪದ್ಧತಿ. ತನ್ನ ಮಾತು ತನ್ನ ಹೆಸರಿನೊಂದಿಗೆ ಉಳಿಯುತ್ತದೆಂದು ತಿಳಿದವರು ಕೊಂಚವಾದರೂ ಯೋಚಿಸಿ ಬಾಯಿ ತೆರೆಯುತ್ತಾರೆ. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಮಾತಾಡುತ್ತಿರುವ ಸದಸ್ಯರು ತಾವಾಗಿ ಕುಳಿತು ಎದುರಾಳಿಗೆ ಅವಕಾಶ ಬಿಟ್ಟುಕೊಡಬಹುದು. ಬಿಟ್ಟುಕೊಡದಿದ್ದರೆ ಎದುರಾಳಿ ಕಾಯಬೇಕು.

ಹಾಗಾದರೆ ಹಕ್ಕು ಎಲ್ಲಿ ಮುಗಿಯುತ್ತದೆ? ಮಾತಾಡುವವರಿಗೆ ಉತ್ತರ ಕೊಡುವಷ್ಟು ಅವಕಾಶ ಉಳಿದಿದೆಯೇ, ಆ ಉತ್ತರ ಸದನಕ್ಕೆ ಕೇಳಿಸುತ್ತದೆಯೇ ಎಂಬ ಎರಡು ಸಂಗತಿಗಳನ್ನು ನೋಡಿದರೆ ಸಾಕು. ಕೂಗಿನ ಉದ್ದೇಶವೇ ಕೇಳಿಸದಂತೆ ಮಾಡುವುದಾದಾಗ ಅದರಲ್ಲಿ ಚರ್ಚೆಯ ಅಂಶವೇ ಇರುವುದಿಲ್ಲ. ಲೋಕಸಭೆಯ ಕಾರ್ಯವಿಧಾನ ನಿಯಮ 349 ಅಶಿಸ್ತಿನ ಮಾತಿನಿಂದಾಗಲಿ ಸದ್ದಿನಿಂದಾಗಲಿ ಭಾಷಣಕ್ಕೆ ಅಡ್ಡಿ ಮಾಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಈ ಅಡ್ಡಿಯಿಂದ ಹಿರಿಯ ನಾಯಕರಿಗೆ ಆಗುವ ನಷ್ಟ ಅಲ್ಪ, ಅವರ ಹೇಳಿಕೆ ಹೇಗಿದ್ದರೂ ಮರುದಿನದ ಪತ್ರಿಕೆಗೆ ತಲುಪುತ್ತದೆ. ಮೊದಲ ಬಾರಿಗೆ ಆಯ್ಕೆಯಾಗಿ, ತಮಗೆ ಸಿಕ್ಕ ಕೆಲವೇ ನಿಮಿಷಗಳಿಗಾಗಿ ರಾತ್ರಿಯಿಡೀ ಓದಿ ಬಂದು, ಎರಡು ವಾಕ್ಯ ಮುಗಿಸುವಷ್ಟರಲ್ಲಿ ಮೂದಲಿಕೆಗೆ ಸಿಕ್ಕಿ ಕುಳಿತುಬಿಡುವ ಸದಸ್ಯರ ಬಗ್ಗೆ ನನಗೆ ನಿಜವಾಗಿ ಸಂಕಟವಾಗುತ್ತದೆ, ಏಕೆಂದರೆ ಅವರೊಂದಿಗೆ ಅವರನ್ನು ಆರಿಸಿ ಕಳಿಸಿದ ಇಡೀ ಕ್ಷೇತ್ರದ ಬಾಯಿ ಮುಚ್ಚಿದಂತಾಗುತ್ತದೆ.

ಒಂದೇ ಕೂಗು ಕೂಡ ಮಿತಿ ಮೀರಬಹುದು. 2009ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಒಬಾಮ ಆರೋಗ್ಯ ವಿಮೆಯ ಬಗ್ಗೆ ಅಮೆರಿಕದ ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ ಮಾತಾಡುತ್ತಿದ್ದಾಗ ಜೋ ವಿಲ್ಸನ್ ಎಂಬ ಸದಸ್ಯರು ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದು ಕೂಗಿದರು. ಅಂದೇ ಅವರು ಕ್ಷಮೆ ಕೇಳಿದರೂ, ಆರು ದಿನಗಳ ನಂತರ ಪ್ರತಿನಿಧಿ ಸಭೆಯು 240–179 ಮತಗಳಿಂದ ಅಸಮ್ಮತಿಯ ನಿರ್ಣಯ ಅಂಗೀಕರಿಸಿತು. ಮತಗಳು ಬಹುಮಟ್ಟಿಗೆ ಪಕ್ಷದ ಪ್ರಕಾರವೇ ಬಿದ್ದವು ಎಂಬುದು ನನ್ನನ್ನು ಕೂಗಿಗಿಂತ ಹೆಚ್ಚು ಕಾಡುತ್ತದೆ. ತಮ್ಮ ಪಕ್ಷದವರ ಒರಟುತನವನ್ನು ಖಂಡಿಸುವವರೇ ಇಲ್ಲದ ಕಡೆ ನಿಯಮ ಎಷ್ಟಿದ್ದು ಏನು ಪ್ರಯೋಜನ?

ಪ್ರಶ್ನೆ: ಬಹುಮತವಿರುವ ಸರ್ಕಾರ ಚರ್ಚೆಗೇ ಒಪ್ಪದಿದ್ದಾಗ ವಿರೋಧ ಪಕ್ಷಕ್ಕೆ ಗದ್ದಲವಲ್ಲದೆ ಬೇರೆ ದಾರಿ ಏನಿದೆ?

ಉತ್ತರ: ನಿಮ್ಮ ಪ್ರಶ್ನೆಯ ಹಿಂದಿರುವ ಸಿಟ್ಟು ನ್ಯಾಯವಾದದ್ದು. ಮಾತಾಡಲು ಸಮಯವನ್ನೇ ಕೊಡದೆ ಸಭ್ಯತೆಯನ್ನು ಮಾತ್ರ ಕೇಳುವುದು ಸಲ್ಲದು, ಮತ್ತು ಸದನ ನಡೆಯುವಂತೆ ನೋಡಿಕೊಳ್ಳುವ ಮೊದಲ ಹೊಣೆ ಆಡಳಿತ ಪಕ್ಷದ್ದೇ. ಆದರೂ ಸದನದ ಬಾವಿಗೆ, ಅಂದರೆ ಅಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಇಳಿದು ಕಲಾಪವನ್ನೇ ನಿಲ್ಲಿಸುವುದರಿಂದ ಸರ್ಕಾರಕ್ಕೆ ಅನುಕೂಲವಾಗುವ ಸಂದರ್ಭವೇ ಹೆಚ್ಚು: ಗದ್ದಲದ ನಡುವೆ ಮಸೂದೆ ಧ್ವನಿಮತದಿಂದ ಅಂಗೀಕಾರವಾಗುತ್ತದೆ, ಕಲಮುಗಳ ಬಗ್ಗೆ ಯಾರೂ ಪ್ರಶ್ನೆ ಕೇಳಿರುವುದಿಲ್ಲ.

ಅಮಾನತಿನಿಂದಲೂ ಇದು ಬಗೆಹರಿಯುವುದಿಲ್ಲ. 2001ರಲ್ಲಿ ಸೇರಿಸಲಾದ ನಿಯಮ 374ಎ ಪ್ರಕಾರ, ಬಾವಿಗಿಳಿದು ಗಂಭೀರ ಅಶಿಸ್ತು ತೋರಿದ ಸದಸ್ಯರನ್ನು ಲೋಕಸಭಾಧ್ಯಕ್ಷರು ಹೆಸರಿಸಿದೊಡನೆ ಐದು ಬೈಠಕ್‌ಗಳಿಗೆ ಅಥವಾ ಅಧಿವೇಶನದ ಉಳಿದ ಅವಧಿಗೆ, ಯಾವುದು ಕಡಿಮೆಯೋ ಅಷ್ಟಕ್ಕೆ, ಅವರು ಅಮಾನತಾಗುತ್ತಾರೆ. 2023ರ ಡಿಸೆಂಬರ್‌ನಲ್ಲಿ, ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರ ಹೇಳಿಕೆಗೆ ಪಟ್ಟುಹಿಡಿದ ಪ್ರತಿಭಟನೆಯ ನಂತರ, ಎರಡೂ ಸದನಗಳಿಂದ ಒಟ್ಟು 146 ಸದಸ್ಯರನ್ನು ಅಮಾನತುಗೊಳಿಸಲಾಯಿತು. ದೇಶದ ಅಪರಾಧ ಕಾನೂನನ್ನೇ ಬದಲಿಸುವ ಮೂರು ಮಸೂದೆಗಳು ಅದೇ ಅಧಿವೇಶನದಲ್ಲಿ, ಅವರಲ್ಲಿ ಬಹುತೇಕರ ಗೈರುಹಾಜರಿಯಲ್ಲಿ, ಅಂಗೀಕಾರವಾದವು. ಇಂಥ ಕಾನೂನಿಗೆ ಅತಿ ಕಠಿಣವಾದ ಪ್ರಶ್ನೆಗಳು ಎದುರಾಗಬೇಕಿತ್ತು. ಪ್ರತಿಪಕ್ಷಗಳಿಗೆಂದು ವಾರದಲ್ಲಿ ನಿಶ್ಚಿತ ಸಮಯ ಇರಬೇಕು, ಆ ಸಮಯದ ವಿಷಯವನ್ನು ಅವರೇ ಆರಿಸಬೇಕು ಎಂಬುದು ನನ್ನ ನಿಲುವು. ಕಾಮನ್ಸ್ ಸಭೆಯಲ್ಲಿ ಪ್ರತಿ ಅಧಿವೇಶನದಲ್ಲಿ 20 ದಿನಗಳನ್ನು ಹೀಗೆ ಪ್ರತಿಪಕ್ಷಗಳಿಗೆ ಮೀಸಲಿಡಲಾಗಿದೆ.

ಪ್ರಶ್ನೆ: ಸದನದಲ್ಲಿ ಆಡಬಾರದ ‘ಅಸಂಸದೀಯ’ ಪದಗಳ ಪಟ್ಟಿಯಿಂದ ಪ್ರಯೋಜನವಿದೆಯೇ?

ಉತ್ತರ: ಸ್ವಲ್ಪ ಮಾತ್ರ. ನಿಯಮ 380ರಂತೆ ಸಭಾಧ್ಯಕ್ಷರು ಮಾನಹಾನಿಕರ ಅಥವಾ ಅಸಭ್ಯ ಮಾತನ್ನು ಕಡತದಿಂದ ತೆಗೆಸಬಹುದು, ಆದರೆ ನೇರಪ್ರಸಾರದಲ್ಲಿ ಅದು ಅಷ್ಟರಲ್ಲಿ ಮನೆಮನೆಗೆ ತಲುಪಿರುತ್ತದೆ. ಅಲ್ಲದೆ ಪಟ್ಟಿಯಲ್ಲಿರುವ ಒಂದು ಪದವನ್ನೂ ಬಳಸದೆ ಒಬ್ಬರನ್ನು ಕ್ರೂರವಾಗಿ ಅವಮಾನಿಸಲು ಸಾಧ್ಯ. ಇನ್ನೊಂದು ತೊಡಕೂ ಇದೆ: 2021ರ ಜುಲೈನಲ್ಲಿ ಬ್ರಿಟನ್ನಿನ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಪದೇಪದೇ ಸುಳ್ಳು ಹೇಳಿದ್ದಾರೆ ಎಂದು ಆರೋಪಿಸಿ, ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪದ ಪ್ರತಿಪಕ್ಷದ ಸದಸ್ಯೆ ಡಾನ್ ಬಟ್ಲರ್ ಅವರು ಕಾಮನ್ಸ್ ಸಭೆಯಿಂದ ಹೊರನಡೆಯಬೇಕಾಯಿತು. ಸಭ್ಯತೆಯ ನಿಯಮ ಸುಳ್ಳಿಗೆ ರಕ್ಷಣೆಯಾಗಬಾರದೆಂದಾದರೆ ಸುಳ್ಳನ್ನು ಎತ್ತಿ ತೋರಿಸಲು ಬೇರೊಂದು ಬಾಗಿಲು ತೆರೆದಿರಬೇಕು. ಲೋಕಸಭೆಯಲ್ಲಿ ಅಧ್ಯಕ್ಷರ ನಿರ್ದೇಶನ 115 ಅಂಥದ್ದು: ಸಚಿವರ ಅಥವಾ ಇತರ ಸದಸ್ಯರ ಹೇಳಿಕೆಯಲ್ಲಿ ತಪ್ಪಿದೆಯೆಂದು ಕಂಡವರು ಮೊದಲು ಅಧ್ಯಕ್ಷರಿಗೆ ವಿವರಗಳೊಂದಿಗೆ ಬರೆದುಕೊಟ್ಟು, ಅವರ ಅನುಮತಿಯಿಂದ ಅದನ್ನು ಸದನದಲ್ಲಿ ಎತ್ತಬಹುದು. ಟೀವಿಯಲ್ಲಿ ಕಾಣಿಸದ ಈ ದಾರಿಯನ್ನು ನಮ್ಮ ಸದಸ್ಯರು ಇನ್ನೂ ಹೆಚ್ಚಾಗಿ ಬಳಸಬೇಕು, ಅಧ್ಯಕ್ಷರೂ ಅಂಥ ಪತ್ರಗಳಿಗೆ ತಡಮಾಡದೆ ಅನುಮತಿ ನೀಡಬೇಕು.