ಎರಡೂ ಫಿಲಮೆಂಟ್ ಕೆಂಪಗಾದದ್ದನ್ನು ಯಾಕೆ ಬಿಟ್ಟಿರಿ?

ಗೆಳೆಯರೆ,

ಹಳೆ ಲಾರಿಯ ಹೆಡ್‌ಲೈಟ್ ದುರಸ್ತಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕಾಗುಣಿತ ಶುದ್ಧವಾಗಿದೆ. ಹೇಳಿದ ದಿನಕ್ಕೆ ಕಳಿಸಿದ್ದೀರಿ. ನಿಮ್ಮ ಮಾವನ ಮಾತುಗಳು ಅವರ ಬಾಯಿಂದಲೇ ಬಂದ ಹಾಗಿವೆ. ಇಂಥ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ಹಾಗಾಗಿ ಖುಷಿಯಿಂದಲೇ ಓದಲು ಕೂತೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು. ಅದನ್ನು ಮುಚ್ಚಿಟ್ಟುಕೊಂಡು ಉತ್ತರ ಬರೆದರೆ ನಿಮಗೆ ಉಪಯೋಗವಿಲ್ಲ.

ನೀವು ಹೇಳಿದ ಸಂಗತಿ ಇಷ್ಟು. ಕೊಪ್ಪಳದಿಂದ ಮೆಕ್ಕೆಜೋಳ ತುಂಬಿಕೊಂಡು ಮಾವನ ಲಾರಿ ಹೊಸಪೇಟೆ ಕಡೆ ಹೊರಟಿತ್ತು. ಗಿಣಿಗೇರಾ ದಾಟಿದ ಮೇಲೆ ಬಲಗಡೆ ಲೈಟು ಮಂಕಾಯಿತು. ಮರುದಿನ ಬಲ್ಬ್ ಬದಲಾಯಿಸಿದಿರಿ, ಸರಿಹೋಗಲಿಲ್ಲ. ಇನ್ನೊಂದು ಬಲ್ಬ್ ತಂದಿರಿ, ಅದೂ ಅಷ್ಟೇ. ಲೈಟಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಅದನ್ನೂ ಬದಲಾಯಿಸಿದಿರಿ. ಕಡೆಗೆ ನೋಡಿದರೆ ರೇಡಿಯೇಟರ್ ಪಕ್ಕದ ಬೋಲ್ಟಿನಲ್ಲಿ, ಬಲ್ಬಿನ ಕರೆಂಟನ್ನು ಲಾರಿಯ ಬಾಡಿಗೆ ವಾಪಸ್ ಒಯ್ಯುವ ಅರ್ತ್ ವೈರ್ ತುಕ್ಕು ಹಿಡಿದಿತ್ತು.

ಈಗ ನಿಮ್ಮ ಈ ಸಾಲು ನೋಡಿ: 'ಬಲ್ಬನ್ನು ಬೇರ್ಪಡಿಸಿ ಹೋಲ್ಡರಿಗೆ ಮೀಟರ್ ಹಿಡಿದಾಗ 24 ವೋಲ್ಟ್ ದೊರೆಯಿತು. ಆದ್ದರಿಂದ ವಿದ್ಯುತ್ ಪೂರೈಕೆ ಸರಿಯಿದೆ ಎಂದು ಖಚಿತವಾಯಿತು.'

ಏನೂ ಖಚಿತವಾಗಲಿಲ್ಲ. ನೀವು ದಾರಿ ತಪ್ಪಿದ್ದೇ ಇಲ್ಲಿ, ಆದರೆ ಲೇಖನ ಮುಗಿಯುವವರೆಗೂ ಅದನ್ನು ನೀವು ಒಪ್ಪಿಕೊಂಡಿಲ್ಲ. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ ಎಳೆಯುತ್ತದೆ. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಅದು 24 ತೋರಿಸುತ್ತದೆ. 75 ವ್ಯಾಟಿನ ಬಲ್ಬಿಗೆ 3 ಆಂಪಿಯರಿಗಿಂತ ಜಾಸ್ತಿ ಬೇಕು. ಅಷ್ಟು ಹರಿಯಲು ಹೊರಟಾಗ ಮಾತ್ರ ತುಕ್ಕು ತನ್ನ ಗುಣ ತೋರಿಸುತ್ತದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲಿನ ಗೇಟಿನಲ್ಲಿ ನೀರಿನ ಗೇಜ್ ಭರ್ತಿ ಇದೆ ಅಂದಮಾತ್ರಕ್ಕೆ ಮಾನ್ವಿ ಕಡೆಯ ಕೊನೆ ಹೊಲಕ್ಕೆ ನೀರು ಬಂದಿದೆ ಅಂತ ಯಾರಾದರೂ ಹೇಳುತ್ತಾರಾ?

ಬಲ್ಬ್ ಹಾಕಿ, ಲೈಟ್ ಹತ್ತಿಸಿ, ಆಮೇಲೆ ಅಳೆಯಬೇಕಿತ್ತು. ಮೀಟರಿನ ಒಂದು ಮೊನೆ ಬಲ್ಬಿನ ಅರ್ತ್ ಪಿನ್ನಿನ ಮೇಲೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಮೇಲೆ. ಅರ್ಧ ವೋಲ್ಟಿಗಿಂತ ಕಡಿಮೆ ಬಂದರೆ ಅರ್ತ್ ಸರಿ ಇದೆ. ಮೂರೋ ನಾಲ್ಕೋ ಬಂದರೆ ಅಷ್ಟೂ ವೋಲ್ಟು ಆ ಬೋಲ್ಟಿನಲ್ಲೇ ಸೋರಿಹೋಗುತ್ತಿದೆ. ವೋಲ್ಟೇಜ್ ನೂರಕ್ಕೆ 10 ಭಾಗ ಇಳಿದರೆ ಬೆಳಕು ನೂರಕ್ಕೆ ಸುಮಾರು 30 ಭಾಗ ಇಳಿಯುತ್ತದೆ. ಈ ಒಂದು ಅಳತೆಗೆ ಐದು ನಿಮಿಷ ಸಾಕು. ಅದು ನಿಮ್ಮ ಲೇಖನದಲ್ಲಿ ಇಲ್ಲ. ಓದಿದವರು ನಿಮ್ಮ ಹಾಗೆಯೇ ಎರಡು ಬಲ್ಬ್, ಒಂದು ರಿಲೇ ಕೊಂಡು ತರುತ್ತಾರೆ. ಬಾಡಿಗೆ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ಲಾರಿಯವರ ಜೇಬಿನ ದುಡ್ಡು ಅದು.

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ಸಾಲು: 'ಹೈಬೀಮ್ ಹಾಕಿದಾಗ ಬಲಬದಿಯ ಬಲ್ಬಿನ ಎರಡೂ ಫಿಲಮೆಂಟ್ ಕೆಂಪಗೆ ಕಂಡವು. ಹಲವು ಪರೀಕ್ಷೆಗಳ ನಂತರ ದೋಷ ಪತ್ತೆಯಾಯಿತು.'

ಮೊದಲ ವಾಕ್ಯ ಓದಿ ನಾನು ಪುಟ ಕೆಳಗಿಟ್ಟೆ. ನೀವು ಗಾಜಿನ ಹತ್ತಿರ ಮುಖ ಒಯ್ದು ನೋಡಿದ್ದೀರಿ. ಒಂದು ಬಲ್ಬಿನೊಳಗೆ ಉರಿಯುವ ತಂತಿ, ಅಂದರೆ ಫಿಲಮೆಂಟ್, ಎರಡು: ದೂರದ ಬೆಳಕಿಗೆ (ಹೈಬೀಮ್) ಒಂದು, ಹತ್ತಿರದ ಬೆಳಕಿಗೆ (ಲೋಬೀಮ್) ಒಂದು. ಹತ್ತಬೇಕಾದದ್ದು ಒಂದೇ, ಎರಡೂ ಹತ್ತಿವೆ, ಅದೂ ಕೆಂಡದ ಹಾಗೆ. ಲಾರಿ ತನ್ನ ರೋಗವನ್ನು ತಾನೇ ಹೇಳುತ್ತಿದೆ! ಬಲಗಡೆ ಅರ್ತ್ ತುಕ್ಕಿನಿಂದ ಕಡಿದ ಹಾಗೇ ಆಗಿದೆ. ಹೈಬೀಮಿಗೆ ಬಂದ ಕರೆಂಟಿಗೆ ಕೆಳಗಿಳಿಯಲು ದಾರಿ ಇಲ್ಲದ ಹಾಗಾಗಿದೆ. ಅದು ಅದೇ ಬಲ್ಬಿನ ಲೋಬೀಮ್ ಫಿಲಮೆಂಟಿನಲ್ಲಿ ಹಿಂದಕ್ಕೆ ಹೊರಟು, ಲೋಬೀಮ್ ವೈರ್ ಹಿಡಿದು ಎಡಗಡೆ ಬಲ್ಬಿಗೆ ಹೋಗಿ, ಅಲ್ಲಿಯ ಅರ್ತ್ ಸೇರುತ್ತದೆ. 24 ವೋಲ್ಟನ್ನು ಮೂರು ಫಿಲಮೆಂಟುಗಳು ಹಂಚಿಕೊಂಡರೆ ಒಂದೊಂದಕ್ಕೆ 8ರ ಆಸುಪಾಸು. ಅದಕ್ಕೇ ಆ ಕೆಂಪು. ಆಗ ಎಡಗಡೆ ಬಲ್ಬನ್ನೂ ಬಗ್ಗಿ ನೋಡಿದ್ದರೆ, ಉರಿಯುವ ಹೈಬೀಮಿನ ಪಕ್ಕದಲ್ಲಿ ಇನ್ನೊಂದು ಕೆಂಪು ಗೆರೆ ಕಾಣುತ್ತಿತ್ತು. ಬಲ್ಬ್ ಹೋಗಿದ್ದರೆ ಹೀಗಾಗಲ್ಲ. ರಿಲೇ ಹೋದರೂ ಹೀಗಾಗಲ್ಲ.

ಇಷ್ಟು ನೋಡಿದವರು ಮುಂದಿನ ವಾಕ್ಯದಲ್ಲಿ 'ಹಲವು ಪರೀಕ್ಷೆಗಳ ನಂತರ' ಅಂತ ಬರೆದು ದಾಟಿಬಿಟ್ಟಿರಿ. ಯಾವ ಪರೀಕ್ಷೆಗಳು? ಲೇಖನ ಇರುವುದೇ ಅದರಲ್ಲಿ ಅಲ್ವಾ?

ನನಗೆ ಈ ವಿಷಯದಲ್ಲಿ ಇಷ್ಟು ಹಟ ಯಾಕೆ ಅಂದರೆ, ಇದೇ ತಪ್ಪನ್ನು ನಾನೂ ಮಾಡಿದ್ದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಅದಕ್ಕೂ ಕೆಲವು ವರ್ಷ ಹಿಂದಿನ ಮಾತು. ಸಂಡೂರು, ತೋರಣಗಲ್ಲು ರಸ್ತೆಗಳಲ್ಲಿ ರಾತ್ರಿಯಿಡೀ ಅದಿರು ಲಾರಿಗಳ ಸಾಲು. ನಾನು ಬಳ್ಳಾರಿಯ ಒಂದು ಪತ್ರಿಕೆಯಲ್ಲಿ ಹೊಸ ವರದಿಗಾರ. ಒಂದು ಬೈಕ್ ಅಪಘಾತದ ಸುದ್ದಿಯಲ್ಲಿ 'ಲಾರಿಯ ದೀಪದಲ್ಲಿ ದೋಷವಿತ್ತು' ಎಂದು ಬರೆದೆ. ಹಿರಿಯ ಉಪಸಂಪಾದಕರು ಒಂದೇ ಪ್ರಶ್ನೆ ಕೇಳಿದರು: 'ಯಾವ ಕಡೆ ಲೈಟು?' ನನಗೆ ಗೊತ್ತಿರಲಿಲ್ಲ. 'ನೋಡಿಕೊಂಡು ಬಾ' ಅಂದರು. ಹೋಗಿ ಲಾರಿಯ ಮುಂದೆ ನಿಂತು ನೋಡಿದೆ. ಬಲಗಡೆಯದ್ದು, ಅಂದರೆ ಡ್ರೈವರ್ ಕೂರುವ ಕಡೆಯದ್ದು, ಸತ್ತಿತ್ತು. ಎದುರಿಗೆ ಬರುವವನಿಗೆ ದೂರದ ಅಂಚಿನಲ್ಲಿ ಒಂದೇ ದೀಪ ಕಾಣುತ್ತದೆ. ಬೈಕ್ ಬರುತ್ತಿದೆ ಅಂದುಕೊಳ್ಳುತ್ತಾನೆ. ಆ ದೀಪಕ್ಕೂ ತನಗೂ ನಡುವೆ ಕತ್ತಲಲ್ಲಿ ಒಂದು ಇಡೀ ಲಾರಿ ಇದೆ ಅನ್ನುವುದು ಅವನಿಗೆ ತಿಳಿಯುವುದಿಲ್ಲ. 'ದೀಪದಲ್ಲಿ ದೋಷ' ಅನ್ನುವ ಮಾತಿನಲ್ಲಿ ಇದೆಲ್ಲ ಎಲ್ಲಿತ್ತು?

ಅವರು ಅಲ್ಲಿಗೇ ಬಿಡಲಿಲ್ಲ. ಕೌಲ್ ಬಜಾರಿನ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಮೂರು ಸಂಜೆ ಕೂರಿಸಿದರು. ಆತ ಮೀಟರ್ ಮುಟ್ಟುತ್ತಲೇ ಇರಲಿಲ್ಲ. ಒಂದು ದಪ್ಪ ವೈರಿನ ತುಂಡು ಇಟ್ಟುಕೊಂಡಿದ್ದ. ಲೈಟ್ ಹತ್ತಿಸಿ, ಅದರ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ, ಇನ್ನೊಂದನ್ನು ಬಲ್ಬಿನ ಅರ್ತ್ ಪಿನ್ನಿಗೆ ತಾಗಿಸಿದ. ಎದುರಂಗಡಿಯ ಶಟರಿನ ಮೇಲೆ ಹಳದಿಯಾಗಿ ಬಿದ್ದಿದ್ದ ಬೆಳಕು ಫಕ್ಕನೆ ಬೆಳ್ಳಗಾಯಿತು. ಶಟರಿನ ಮೇಲಿನ ಅಕ್ಷರ ಓದಲು ಬಂತು. ವೈರ್ ತೆಗೆದ, ಅಕ್ಷರ ಮಾಯ. 'ಬಾಡಿ ಸಿಗ್ತಿಲ್ಲ' ಅಂದ, ಅಷ್ಟೇ. ಆಮೇಲೆ ಬೋಲ್ಟ್ ಬಿಚ್ಚಿ, ಕೆಳಗಿನ ಬಣ್ಣವನ್ನೂ ಕೆಂಪು ಧೂಳನ್ನೂ ಕಬ್ಬಿಣ ಹೊಳೆಯುವವರೆಗೆ ಕೆರೆದು, ವೈರಿನ ತುದಿಗೆ ಹೊಸ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದ.

ಆತ 'ಬಾಡಿ' ಅಂದದ್ದನ್ನು ನೀವು 'ಭೂಸಂಪರ್ಕ' ಅಂತ ಬರೆದಿದ್ದೀರಿ, ಅದೂ ಏಳು ಕಡೆ. ಈ ಪದ ನನಗೆ ಮುಳ್ಳಿನ ಹಾಗೆ ಚುಚ್ಚಿತು. ಲಾರಿಗೂ ಭೂಮಿಗೂ ನಡುವೆ ರಬ್ಬರ್ ಟೈರ್ ಇದೆ. ಇಲ್ಲಿ ಅರ್ತ್ ಅಂದರೆ ಚಾಸಿ (ಲಾರಿಯ ಕಬ್ಬಿಣದ ಚೌಕಟ್ಟು), ಅದರ ಮೂಲಕ ಬ್ಯಾಟರಿಯ ನೆಗೆಟಿವ್. ನಿಮ್ಮ ಪದ ಓದಿದ ಹುಡುಗ ಯಾವ ವೈರು ನೆಲಕ್ಕೆ ತಾಗಬೇಕು ಅಂತ ಹುಡುಕಿದರೆ ತಪ್ಪು ಅವನದಲ್ಲ. ನಿಮ್ಮ ಮಾವ ಲೇಖನದಲ್ಲೇ 'ಅರ್ತ್ ನೋಡೋ' ಅನ್ನುತ್ತಾರೆ. ಅವರ ಮಾತು ನಿಮಗೆ ಸಾಲದೆ ಹೋಯಿತೇ? 'ಭೂಸಂಪರ್ಕದ ದೋಷವನ್ನು ನಿವಾರಿಸಲಾಯಿತು' ಅನ್ನುವ ಕೊನೆಯ ವಾಕ್ಯವೂ ಹಾಗೇ. ಯಾರು ನಿವಾರಿಸಿದರು? ಬೋಲ್ಟ್ ಸುಲಭವಾಗಿ ಬಿಚ್ಚಿತಾ, ಮುರಿಯಿತಾ? ವೈರಿನ ತುದಿ ಹಸಿರುಗಟ್ಟಿತ್ತಾ, ಕಪ್ಪಾಗಿತ್ತಾ? ಅಲ್ಲಿ ನಿಮ್ಮ ಕೈ ಇತ್ತು. ಅದನ್ನೇ ಅಳಿಸಿಹಾಕಿದ್ದೀರಿ.

ಉಳಿದ ಭಾಗ, ರಿಲೇ ಬಗ್ಗೆ ಬರೆದ ಪುಟವೂ ಸೇರಿ, ಹಾಗೇ ಇರಲಿ. ಈ ಮೂರು ಜಾಗ ಮಾತ್ರ ಮತ್ತೆ ಬರೆದು ಕಳಿಸಿ. ಬರೆಯುವ ಮೊದಲು ಒಂದು ಸಂಜೆ ಮಾವನ ಲಾರಿಯಲ್ಲಿ ಬಲಗಡೆ ಅರ್ತ್ ವೈರ್ ಬಿಚ್ಚಿ, ಹೈಬೀಮ್ ಹಾಕಿ, ಎರಡೂ ಬಲ್ಬುಗಳನ್ನು ಇನ್ನೊಮ್ಮೆ ನೋಡಿ. ಇನ್ನೊಂದು ವಿಷಯ ನಿಮ್ಮ ಲೇಖನದಲ್ಲಿ ಎಲ್ಲೂ ಸಿಗಲಿಲ್ಲ, ನನಗೆ ತಿಳಿಯಬೇಕು: ಆ ರಾತ್ರಿ ಬಲಗಡೆ ಮಂಕು ಲೈಟಿನಲ್ಲಿ, ಲೋಡ್ ಸಮೇತ, ಗಿಣಿಗೇರಾದಿಂದ ಹೊಸಪೇಟೆವರೆಗೆ ನಿಮ್ಮ ಮಾವ ಹೇಗೆ ಬಂದರು?