ಕಾಸ್ ಎಕ್ಸ್ ಸಮ ಫಲನವಲ್ಲವೇ, ಅದಕ್ಕೆ ಸೈನ್ ಸರಣಿ ಹೇಗೆ ಬರುತ್ತದೆ?

ಸೊನ್ನೆಯಿಂದ ಪೈವರೆಗೆ ಕೊಟ್ಟ ಕಾಸ್ ಎಕ್ಸ್‌ಗೆ ಫೂರಿಯರ್ ಸೈನ್ ಸರಣಿ (ಸೈನ್ ಎಕ್ಸ್, ಸೈನ್ 2ಎಕ್ಸ್ ಮುಂತಾದವನ್ನು ತಕ್ಕ ಗುಣಾಂಕಗಳಿಂದ ಗುಣಿಸಿ ಕೂಡಿದ ಮೊತ್ತ) ಬರೆಯಲು ಹೊರಟರೆ ಗುಣಾಂಕಗಳೆಲ್ಲ ಸೊನ್ನೆಯಾಗಬೇಕಲ್ಲವೇ, ಪುಸ್ತಕದ ಉತ್ತರ ತಪ್ಪೇ ಎಂದು ಕೇಳಿದ್ದೀರಿ. ನೀವು ಇದನ್ನು ಪ್ರಶ್ನೆಯಾಗಿ ಕೇಳುತ್ತಿದ್ದೀರಿ. ನಾನು ಇದನ್ನೇ ತೀರ್ಮಾನವೆಂದು ಉತ್ತರಪತ್ರಿಕೆಯಲ್ಲಿ ಬರೆದು ಬಂದಿದ್ದೆ.

ಪದವಿಯ ಎರಡನೆಯ ವರ್ಷ. ಸೊನ್ನೆಯಿಂದ ಪೈವರೆಗಿನ ಎಕ್ಸ್ ವರ್ಗಕ್ಕೆ ಸೈನ್ ಸರಣಿ ಕಂಡುಹಿಡಿಯಿರಿ ಎಂಬ ಪ್ರಶ್ನೆಯಿತ್ತು. ನಾನು ಋಣ ಪೈಯಿಂದ ಪೈವರೆಗೆ ಅನುಕಲವನ್ನು ಬರೆದೆ. ಎಕ್ಸ್ ವರ್ಗ ಸಮ (ಎಕ್ಸ್ ಬದಲು ಋಣ ಎಕ್ಸ್ ಹಾಕಿದರೂ ಬೆಲೆ ಅದೇ), ಸೈನ್ ಬೆಸ (ಹಾಗೆ ಹಾಕಿದರೆ ಬೆಲೆಯ ಚಿಹ್ನೆ ಬದಲಾಗುತ್ತದೆ), ಎರಡರ ಗುಣಲಬ್ಧ ಬೆಸ, ಆದ್ದರಿಂದ ಅನುಕಲ ಸೊನ್ನೆ. 'ಈ ಫಲನಕ್ಕೆ ಸೈನ್ ಸರಣಿ ಇಲ್ಲ' ಎಂದು ಬರೆದು ಅಡಿಗೆರೆಯನ್ನೂ ಎಳೆದೆ. ಆ ಪ್ರಶ್ನೆಯ 10 ಅಂಕಗಳೂ ಹೋದವು. ತೇರ್ಗಡೆಗೆ 4 ಅಂಕ ಕಡಿಮೆಯಾಗಿ, ಅದೇ ಪತ್ರಿಕೆಗೆ ಆರು ತಿಂಗಳ ನಂತರ ಮತ್ತೆ ಕುಳಿತೆ.

ಈ ತಪ್ಪನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಮೇಲಿನ ತರ್ಕದಲ್ಲಿ ಒಂದೊಂದು ಹೆಜ್ಜೆಯೂ ಸರಿಯಾಗಿದೆ. ಎಷ್ಟು ಸಲ ಪರಿಶೀಲಿಸಿದರೂ ಲೆಕ್ಕದಲ್ಲಿ ದೋಷ ಕಾಣುವುದಿಲ್ಲ. ದೋಷವಿದ್ದದ್ದು ಲೆಕ್ಕ ಶುರುವಾಗುವ ಮೊದಲು, 'ಋಣ ಪೈ' ಎಂದು ಕೆಳಮಿತಿ ಬರೆದ ಕ್ಷಣದಲ್ಲಿ. ಸೊನ್ನೆಯ ಎಡಕ್ಕೆ ಏನಿದೆ ಎಂದು ಪ್ರಶ್ನೆ ಹೇಳಿಯೇ ಇರಲಿಲ್ಲ. ಅಲ್ಲಿಯೂ ಎಕ್ಸ್ ವರ್ಗವೇ ಇದೆ ಎಂದು ಊಹಿಸಿದವನು ನಾನು. ಫಲನವೆಂದರೆ ಸೂತ್ರ ಮಾತ್ರವಲ್ಲ, ಆ ಸೂತ್ರ ಎಲ್ಲಿಂದ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬುದೂ ಸೇರಿಯೇ ಫಲನ. ಸೊನ್ನೆಯಿಂದ ಪೈವರೆಗೆ ಮಾತ್ರ ಬದುಕಿರುವ ಫಲನ ಸಮವೂ ಅಲ್ಲ, ಬೆಸವೂ ಅಲ್ಲ. ಆ ಪದಗಳಿಗೆ ಅರ್ಥ ಬರಬೇಕಾದರೆ ಎಡಭಾಗ ಇರಬೇಕು.

ಆ ಎಡಭಾಗವನ್ನು ಕಟ್ಟುವವರು ನಾವು. ಸೈನ್ ಸರಣಿ ಬೇಕು ಎಂದರೆ ಅದನ್ನು ಬೆಸವಾಗಿ ಕಟ್ಟಬೇಕು ಎಂದರ್ಥ: ಬಲಕ್ಕೆ ಎಕ್ಸ್ ವರ್ಗ, ಎಡಕ್ಕೆ ಅದರ ಋಣ. ಪರವಲಯದ ಬಲತೋಳು ಮೇಲಕ್ಕೇ ಇರುತ್ತದೆ, ಎಡತೋಳು ಕೆಳಕ್ಕೆ ಮಗುಚಿಕೊಳ್ಳುತ್ತದೆ. ಈ ತುಂಡನ್ನು 2 ಪೈ ಆವರ್ತದಲ್ಲಿ ಎರಡೂ ಕಡೆ ಜೋಡಿಸುತ್ತ ಹೋಗುವುದೇ ಆವರ್ತಕ ವಿಸ್ತರಣೆ. ಈಗ ಬೆಸ ಫಲನವನ್ನು ಬೆಸ ಸೈನ್‌ನಿಂದ ಗುಣಿಸಿದರೆ ಸಮ ಫಲನ ಬರುತ್ತದೆ, ಆದ್ದರಿಂದ ಬಲಭಾಗದ ಅನುಕಲವನ್ನು ಇಮ್ಮಡಿ ಮಾಡಿದರೆ ಸಾಕು. ಸೂತ್ರದ '2 ಭಾಗಿಸು ಪೈ'ಯಲ್ಲಿರುವ 2 ಹುಟ್ಟುವುದು ಇಲ್ಲಿ. ಆ ಸೂತ್ರವನ್ನು ನಾನು ಕಂಠಪಾಠ ಮಾಡಿದ್ದೆ, ಆದರೆ 2 ಎಲ್ಲಿಂದ ಬಂತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡಿದ್ದರೆ ಆ ಆರು ತಿಂಗಳು ಉಳಿಯುತ್ತಿದ್ದವು.

ಫಲಿತಾಂಶ ಬಂದ ಮೇಲೆ ಅದೇ ಲೆಕ್ಕವನ್ನು ಮತ್ತೆ ಮಾಡಿದೆ. ಮೊದಲ ಗುಣಾಂಕ ಸುಮಾರು 3.74, ಎರಡನೆಯದು ಋಣ ಪೈ, ಮೂರನೆಯದು ಸುಮಾರು 2. ಆದರೆ ಎಕ್ಸ್‌ಗೆ ಪೈ ಹಾಕಿದರೆ ಸರಣಿಯ ಪ್ರತಿ ಪದವೂ ಸೊನ್ನೆ, ಫಲನದ ಬೆಲೆಯೋ ಪೈ ವರ್ಗ! ಮತ್ತೆ ಎಡವಿದೆ ಎಂದುಕೊಂಡು ಎರಡು ದಿನ ಅನುಕಲವನ್ನೇ ತಿದ್ದುತ್ತ ಕುಳಿತೆ. ಕೊನೆಗೆ ಮೂರು ಆವರ್ತಗಳ ಚಿತ್ರ ಬಿಡಿಸಿದಾಗ ವಿಷಯ ಕಣ್ಣಿಗೆ ಕಂಡಿತು. ಪೈಯಲ್ಲಿ ವಕ್ರರೇಖೆ ಪೈ ವರ್ಗದವರೆಗೆ ಏರುತ್ತದೆ. ಅಲ್ಲಿಂದಾಚೆ ಶುರುವಾಗುವ ಮುಂದಿನ ತುಂಡು ಋಣ ಪೈ ವರ್ಗದಿಂದ ಹೊರಡುತ್ತದೆ. ಇಂತಹ ಜಿಗಿತದಲ್ಲಿ ಸರಣಿ ಎರಡೂ ಬದಿಗಳ ಸರಾಸರಿಗೆ ಹೋಗಿ ನಿಲ್ಲುತ್ತದೆ. ಗಣಿತಜ್ಞ ಡಿರಿಕ್ಲೆ 1829ರಲ್ಲಿ ಸಾಧಿಸಿ ತೋರಿಸಿದ್ದು ಇದನ್ನೇ. ಇಲ್ಲಿ ಆ ಸರಾಸರಿ ಸೊನ್ನೆ.

ಈಗ ನಿಮ್ಮ ಕಾಸ್ ಎಕ್ಸ್. ಪುಸ್ತಕದ ಉತ್ತರ ಸರಿಯಾಗಿದೆ, ತಪ್ಪಿರುವುದು 'ಅದು ಸಮ ಫಲನ' ಎಂಬ ನಿಮ್ಮ ಮೊದಲ ಮಾತು. ಎಡಕ್ಕೆ ಋಣ ಕಾಸ್ ಎಕ್ಸ್ ಬರೆದು ಚಿತ್ರ ಬಿಡಿಸಿ. ಬಲಭಾಗ 1ರಿಂದ ಋಣ 1ಕ್ಕೆ ಇಳಿಯುತ್ತದೆ, ಎಡಭಾಗವೂ ತಪ್ಪದೆ ಅದೇ ಆಕಾರದಲ್ಲಿ 1ರಿಂದ ಋಣ 1ಕ್ಕೆ ಇಳಿಯುತ್ತದೆ. ಅಂದರೆ ವಿಸ್ತರಣೆಯ ಆವರ್ತ ಇಲ್ಲಿ 2 ಪೈಯೂ ಅಲ್ಲ, ಬರೀ ಪೈ! ಹಾಗಾಗಿ ಸೈನ್ 2ಎಕ್ಸ್, ಸೈನ್ 4ಎಕ್ಸ್‌ನಂತಹ ಪದಗಳು ಮಾತ್ರ ಉಳಿಯುತ್ತವೆ, ಬೆಸ ಕ್ರಮಾಂಕದವು ಲೆಕ್ಕವಿಲ್ಲದೆಯೇ ಸೊನ್ನೆಯಾಗುತ್ತವೆ. ಸೈನ್ 2ಎಕ್ಸ್‌ನ ಗುಣಾಂಕ 8 ಭಾಗಿಸು 3 ಪೈ, ಸುಮಾರು 0.85. ಸೈನ್ 4ಎಕ್ಸ್‌ನದು 16 ಭಾಗಿಸು 15 ಪೈ, ಸುಮಾರು 0.34. ಇದೇ ಸರಣಿಯನ್ನು ಫೂರಿಯರ್ ತಮ್ಮ 1822ರ ಗ್ರಂಥದಲ್ಲಿ ಬಿಡಿಸಿಟ್ಟಿದ್ದಾರೆ. ಅವರು 1807ರಲ್ಲಿ ಮೊದಲು ಈ ವಿಚಾರವನ್ನು ಮಂಡಿಸಿದಾಗ ಹಿರಿಯ ಗಣಿತಜ್ಞ ಲಗ್ರಾಂಜ್‌ರಂಥವರೇ ಒಪ್ಪಿರಲಿಲ್ಲ, ಆದ್ದರಿಂದ ನಿಮಗೆ ಅನುಮಾನ ಬಂದದ್ದರಲ್ಲಿ ಕುಂದೇನೂ ಇಲ್ಲ.

ಪೂರ್ಣ ವ್ಯಾಪ್ತಿ (ಋಣ ಪೈಯಿಂದ ಪೈವರೆಗೆ), ಅರ್ಧ ವ್ಯಾಪ್ತಿಯ (ಸೊನ್ನೆಯಿಂದ ಪೈವರೆಗೆ) ಸೂತ್ರಗಳಲ್ಲಿ ಯಾವುದನ್ನು ಕಂಠಪಾಠ ಮಾಡಲಿ ಎಂದೂ ಕೇಳಿದ್ದೀರಿ. ಪೂರ್ಣ ವ್ಯಾಪ್ತಿಯದೊಂದು ಸಾಕು, ಉಳಿದವು ಚಿತ್ರದಿಂದ ತಾವಾಗಿ ಬರುತ್ತವೆ. ಸೈನ್ ಒಳ್ಳೆಯದೋ ಕೊಸೈನ್ ಒಳ್ಳೆಯದೋ ಎಂಬ ಚರ್ಚೆಯೂ ನನಗೆ ವ್ಯರ್ಥವೆನಿಸುತ್ತದೆ. ಅದನ್ನು ನಿರ್ಧರಿಸುವುದು ಸಮಸ್ಯೆಯೇ: ಕಾಯಿಸಿದ ಸರಳಿನಲ್ಲಿ ಶಾಖ ಹರಿಯುವ ಲೆಕ್ಕದಲ್ಲಿ ಎರಡೂ ತುದಿಗಳ ಉಷ್ಣತೆಯನ್ನು ಸೊನ್ನೆಯಲ್ಲಿ ಹಿಡಿದಿಟ್ಟರೆ ಸೈನ್ ಬರುತ್ತದೆ, ತುದಿಗಳಿಂದ ಶಾಖ ಹೊರಹೋಗದಂತೆ ಮುಚ್ಚಿದರೆ ಕೊಸೈನ್ ಬರುತ್ತದೆ. ಆಯ್ಕೆ ನಿಮ್ಮದೇ ಆಗಿದ್ದರೆ ತುಂಡುಗಳು ಸೇರುವ ಜಾಗವನ್ನು ನೋಡಿ. ಎಕ್ಸ್ ವರ್ಗದ ಸೈನ್ ಗುಣಾಂಕಗಳು ಆ ಜಿಗಿತದಿಂದಾಗಿ, ಪದದ ಕ್ರಮಾಂಕ ಎನ್ ಆದರೆ, 1 ಭಾಗಿಸು ಎನ್‌ನಂತೆ ನಿಧಾನವಾಗಿ ಕುಗ್ಗುತ್ತವೆ, ಜಿಗಿತವಿಲ್ಲದ ಕೊಸೈನ್ ವಿಸ್ತರಣೆಯಲ್ಲಿ ಅವು 1 ಭಾಗಿಸು ಎನ್ ವರ್ಗದಂತೆ ಬೇಗ ಕುಗ್ಗುತ್ತವೆ.

ಅನುಕಲದ ಚಿಹ್ನೆ ಬರೆಯುವ ಮೊದಲು ಋಣ 3 ಪೈಯಿಂದ 3 ಪೈವರೆಗೆ ಚಿತ್ರ ಬಿಡಿಸಿ. ನಿಮ್ಮ ಚಿತ್ರದಲ್ಲಿ ಪೈಯ ಪ್ರತಿ ಪೂರ್ಣ ಗುಣಕದಲ್ಲಿಯೂ, ಸೊನ್ನೆಯೂ ಸೇರಿ, ಋಣ 1ರಿಂದ 1ಕ್ಕೆ ಜಿಗಿತ ಕಾಣಬೇಕು. ಸೊನ್ನೆಯ ಬಳಿ ಗೆರೆ ನುಣುಪಾಗಿ ದಾಟಿ ಹೋಗಿದ್ದರೆ ನೀವು ಎಡಕ್ಕೆ ಮತ್ತೆ ಕಾಸ್ ಎಕ್ಸ್ ಅನ್ನೇ ಬರೆದಿದ್ದೀರಿ.