ಕಿಣ್ವ ಇರುವುದು ಬೇರೆ, ಕೆಲಸ ಮಾಡುವುದು ಬೇರೆ

ನಮಸ್ಕಾರ. ರೋಗದ ಕಿಣ್ವಗಳನ್ನು ಪತ್ತೆಹಚ್ಚುವ ಇಮೇಜಿಂಗ್ ಪ್ರೋಬ್‌ಗಳ (ಚಿತ್ರ ತೆಗೆಯಲು ದೇಹದೊಳಗೆ ಕಳಿಸುವ ಗುರುತಿನ ಅಣುಗಳ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾಗದು. ವಿಷಯ ಮಾತ್ರ ಬಿಡಬೇಡಿ, ತಿದ್ದಿ ಕಳಿಸಿ.

‘ಪ್ರೋಬ್ ಹೋಗಿ ಕಿಣ್ವಕ್ಕೆ ಅಂಟಿಕೊಂಡು ಹೊಳೆಯುತ್ತದೆ’ ಎಂದು ಬರೆದಿದ್ದೀರಿ. ಇಡೀ ಲೇಖನ ಎಡವಿರುವುದು ಇಲ್ಲೇ. ಎಂಎಂಪಿಯಂಥ ಪ್ರೋಟಿಯೇಸ್‌ಗಳು, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವಗಳು, ತಯಾರಾಗುವಾಗ ನಿಷ್ಕ್ರಿಯವಾಗಿರುತ್ತವೆ. ಸಕ್ರಿಯಗೊಂಡ ಮೇಲೂ ಟಿಂಪ್ ಎಂಬ ಪ್ರತಿಬಂಧಕಗಳು ಅವುಗಳನ್ನು ಕಟ್ಟಿಹಾಕಬಹುದು. ಹಾಗಾಗಿ ಅಂಗಾಂಶದಲ್ಲಿ ಕಿಣ್ವ ರಾಶಿಯಿದ್ದರೂ ಕೆಲಸ ನಡೆಯದೇ ಇರಬಹುದು. ಕಿಣ್ವ ಕತ್ತರಿಸಿದಾಗಷ್ಟೇ ಹೊಳೆಯುವ ಪ್ರೋಬ್ ಅಳೆಯುವುದು ಈ ಕೆಲಸವನ್ನು. ಅದರ ರಚನೆ ವಿವರಿಸಿ: ಚಿಕ್ಕದೊಂದು ಪೆಪ್ಟೈಡ್ (ಅಮೈನೋ ಆಮ್ಲಗಳ ಸರಪಳಿ), ಒಂದು ತುದಿಯಲ್ಲಿ ಅವಗೆಂಪು ಸಮೀಪದ ಬಣ್ಣ, ಇನ್ನೊಂದರಲ್ಲಿ ಆ ಬೆಳಕನ್ನು ನುಂಗುವ ಕ್ವೆಂಚರ್. ಎರಡೂ ಕೆಲವೇ ನ್ಯಾನೋಮೀಟರ್ ಅಂತರದಲ್ಲಿರುವವರೆಗೆ ಕತ್ತಲೆ. ಕಿಣ್ವ ನಡುವೆ ಕತ್ತರಿಸಿದರೆ ತುಂಡುಗಳು ದೂರವಾಗಿ ಬೆಳಕು ಬರುತ್ತದೆ.

ಇನ್ನು, ‘ಗಡ್ಡೆ ಹೊಳೆಯಿತು, ಆದ್ದರಿಂದ ಕಿಣ್ವ ಸಿಕ್ಕಿತು’ ಎಂಬ ವಾದ. ಬೆಳ್ಳಗಿರುವುದೆಲ್ಲ ಹಾಲಲ್ಲ. ಗಡ್ಡೆಯ ರಕ್ತನಾಳಗಳು ಸೋರುವುದರಿಂದ ಪ್ರೋಬ್ ಅಲ್ಲಿ ಸುಮ್ಮನೆ ಶೇಖರವಾಗಬಹುದು. ಬೇರೆ ಕಿಣ್ವವೂ ಕತ್ತರಿಸಬಹುದು. ಕ್ಯಾಸ್ಪೇಸ್-3 ಎಂಬ ಕಿಣ್ವಕ್ಕೆಂದು ಮಾಡಿದ ಡಿಇವಿಡಿ ಎಂಬ ಅಮೈನೋ ಆಮ್ಲ ಸರಣಿಯನ್ನು ಕ್ಯಾಸ್ಪೇಸ್-7 ಕೂಡ ಕತ್ತರಿಸುತ್ತದೆ. ಆದ್ದರಿಂದ ಎರಡು ಹೋಲಿಕೆಗಳಿಲ್ಲದೆ ಯಾವ ಚಿತ್ರವನ್ನೂ ನಂಬಬೇಡಿ: ಕತ್ತರಿ ಬೀಳುವ ಜಾಗದಲ್ಲಿ ಡಿ-ಅಮೈನೋ ಆಮ್ಲವಿಟ್ಟು (ಸಹಜ ಅಮೈನೋ ಆಮ್ಲದ ಕನ್ನಡಿ ಪ್ರತಿಬಿಂಬದಂಥ ರೂಪ), ಕತ್ತರಿಸಲಾಗದಂತೆ ಮಾಡಿದ ಪ್ರೋಬ್ ಒಂದು, ಮೊದಲೇ ಪ್ರತಿಬಂಧಕ ಕೊಟ್ಟು ನಡೆಸಿದ ಪ್ರಯೋಗ ಇನ್ನೊಂದು. ಎರಡರಲ್ಲೂ ಹೊಳಪು ತಗ್ಗಬೇಕು. ಕತ್ತರಿಸಿಕೊಂಡ ಬಣ್ಣದ ತುಂಡು ಹರಿದು ಹೋಗಿ ಚಿತ್ರ ಮಸುಕಾಗುವುದನ್ನೂ ಒಂದು ಸಾಲಿನಲ್ಲಿ ಹೇಳಿ.

ಎಫ್‌ಡಿಜಿಯನ್ನು, ಅಂದರೆ ಪೆಟ್ ಸ್ಕ್ಯಾನ್‌ಗೆ ಬಳಸುವ, ವಿಕಿರಣಶೀಲ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್‌ನಂಥ ಸಕ್ಕರೆಯನ್ನು, ಇದೇ ಗುಂಪಿಗೆ ಸೇರಿಸಿದ್ದು ತಪ್ಪು. ಅದು ಹೊತ್ತಿಕೊಳ್ಳುವುದಿಲ್ಲ, ಅದರ ವಿಕಿರಣ ಮೊದಲಿನಿಂದಲೂ ಇರುತ್ತದೆ. ಹೆಕ್ಸೋಕೈನೇಸ್ ಎಂಬ ಕಿಣ್ವ ಫಾಸ್ಫೇಟ್ ಸೇರಿಸಿದ ಮೇಲೆ ಅದು ಜೀವಕೋಶದೊಳಗೇ ಸಿಕ್ಕಿಕೊಳ್ಳುತ್ತದೆ. ಉಳಿದದ್ದು ರಕ್ತದಿಂದ ತೊಲಗಲಿ ಎಂದೇ ಸ್ಕ್ಯಾನ್‌ಗೆ ಮೊದಲು ಸುಮಾರು 60 ನಿಮಿಷ ಕಾಯುವುದು. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷವಾದ್ದರಿಂದ ಇದು ಸಾಧ್ಯ. ಉರಿಯೂತವಿದ್ದ ಜಾಗವೂ ಎಫ್‌ಡಿಜಿ ಹೀರುತ್ತದೆ, ಅದನ್ನು ಮರೆಯಬೇಡಿ.

‘ಬೆಳಕಿನಿಂದ ಇಡೀ ದೇಹದ ತಪಾಸಣೆ’ ಎಂಬ ಸಾಲು ತೆಗೆಯಿರಿ. ಅವಗೆಂಪು ಸಮೀಪದ ಬೆಳಕೂ ಅಂಗಾಂಶದಲ್ಲಿ ಚದುರಿ, ಆಳದಿಂದ ಸ್ಪಷ್ಟ ಚಿತ್ರ ಕೊಡುವುದಿಲ್ಲ. ಅದರ ಬದಲು ಪೆಗುಲಿಸಿಯಾನಿನ್‌ನಿಂದ ಶುರುಮಾಡಿ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಈ ಪ್ರೋಬನ್ನು ಚಿತ್ರಣಕ್ಕೆ 2ರಿಂದ 6 ಗಂಟೆ ಮೊದಲು, ದೇಹತೂಕದ ಕಿಲೋಗೆ 1 ಮಿಲಿಗ್ರಾಂನಂತೆ ರಕ್ತನಾಳಕ್ಕೆ ಕೊಡುತ್ತಾರೆ. ಸ್ತನದ ಗಡ್ಡೆ ತೆಗೆದ ನಂತರ ಆ ಕುಹರದಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ನೋಡುವುದಕ್ಕೆ ಇದು. ತೀವ್ರ ಅಲರ್ಜಿಯ ಎಚ್ಚರಿಕೆಯೂ ಇದೆ, ಅದನ್ನೂ ಬರೆಯಿರಿ.